ನಯೀಮ್ ಕಳಿಸಿದ ಮೇಲ್

ನರಸಾಪುರದ ಕಾರ್ಖಾನೆಯ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನಲ್ಲಿ ಕೂತು ನಯೀಮ್ ಬರೆದ ಪ್ರೋಗ್ರಾಮ್ ಮೂರು ದಿನದಿಂದ ಅವನನ್ನು ಸತಾಯಿಸುತ್ತಿತ್ತು. ಅದು ಶಿಫ್ಟ್ ಪಟ್ಟಿಯನ್ನು ಕಂಪ್ಯೂಟರಿನೊಳಗೇ ಇರುವ ಮೇಲ್ ಸಾಧನಕ್ಕೆ ಒಪ್ಪಿಸಬೇಕು; ಆ ಸಾಧನ ಇನ್ನೂರ ಹನ್ನೆರಡು ಜನ ಸೂಪರ್‌ವೈಸರು, ಮ್ಯಾನೇಜರುಗಳಿಗೆ ಹಂಚಬೇಕು. ಮುಳಬಾಗಿಲಿನಿಂದ ಕಂಪನಿ ಬಸ್ಸಿನಲ್ಲಿ ನಿಂತೇ ಬಂದ ಸಿಟ್ಟಿಗೆ, ಆ ದಿನ ಪರೀಕ್ಷೆಗೆಂದು ಒಂದು ಸಾಲು ಬರೆದ: ‘ಚನ್ನರಾಯಪ್ಪ ಸಾರ್ ಮೀಟಿಂಗಲ್ಲಿ ಕೂರೋದಕ್ಕಿಂತ ಎಮ್ಮೆ ಮೆಲುಕು ಹಾಕೋದನ್ನ ನೋಡ್ತಾ ಕೂರೋದು ವಾಸಿ.’

ತನಗೊಬ್ಬನಿಗೇ ಕಳಿಸಬೇಕಾದದ್ದನ್ನು ಇಡೀ ಪಟ್ಟಿಗೆ ಒತ್ತಿಬಿಟ್ಟ. ‘ರವಾನೆಯಾಗಿದೆ’ ಎಂದಿತು ಪರದೆ.

ನಯೀಮ್ ಕುರ್ಚಿಯಿಂದ ಜಿಗಿದೆದ್ದ. ಅವನನ್ನು ಕಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದವರೇ ಮ್ಯಾನೇಜರ್ ಚನ್ನರಾಯಪ್ಪ. ಪುಣ್ಯಕ್ಕೆ ಅವರು ಕೋಲಾರಕ್ಕೆ ಹೋಗಿದ್ದರು, ಬರುವುದು ಮಧ್ಯಾಹ್ನ; ಮೇಲ್ ನೋಡುವುದು ತಮ್ಮ ಮೇಜಿನ ಕಂಪ್ಯೂಟರಿನಲ್ಲಷ್ಟೇ. ಉಳಿದವರೂ ಮೇಲ್ ನೋಡುವುದು ಊಟದ ಹೊತ್ತಿಗೇ, ಏಕೆಂದರೆ ಮೆಷಿನ್ ಲೈನಿನೊಳಕ್ಕೆ ಮೊಬೈಲ್ ಬಿಡುತ್ತಿರಲಿಲ್ಲ.

ನಯೀಮ್ ಬಾಲಕ್ಕೆ ಡಬ್ಬ ಕಟ್ಟಿದ ಕರುವಿನ ಹಾಗೆ ಕಾರ್ಖಾನೆಯ ತುಂಬ ಓಡಿದ. ಮೊದಲು ಸಿಕ್ಕವನು ಸ್ಟೋರಿನ ಆಂಜಿ.

“ಆಂಜಿ, ನನ್ನಿಂದ ಒಂದು ಮೇಲ್ ಬಂದಿರ್ತದೆ. ಓಪನ್ ಮಾಡ್ಬೇಡ ಕಣೋ.”

“ಅದ್ರಲ್ಲಿ ಏನೈತೆ ಅಂತ ಹೇಳು, ಮಾಡಲ್ಲ.”

ಬೇರೆ ದಾರಿ ಕಾಣದೆ ನಯೀಮ್ ಹೇಳಿದ. ಆಂಜಿ ನಟ್ಟುಗಳ ಚೀಲದ ಮೇಲೆ ಬಿದ್ದು ನಕ್ಕ. ಪ್ಯಾಕಿಂಗಿನ ಸುನಂದಮ್ಮನೂ ಅದನ್ನೇ ಕೇಳಿದರು. ಅವರಿಗೂ ಹೇಳಿದ. ಪೇಂಟ್ ವಿಭಾಗದ ಅರುಣ್‌ಕುಮಾರನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಮೆಷಿನ್ ಸದ್ದಿನ ನಡುವೆ ಎರಡು ಸಲ ಕೂಗಿ ಹೇಳಿದ. ಹನ್ನೆರಡೂವರೆಯ ಹೊತ್ತಿಗೆ ಅವನ ಗಂಟಲು ಕಟ್ಟಿತ್ತು. ಕ್ಯಾಂಟೀನಿನಲ್ಲಿ ಸಾರು ಬಡಿಸುವವರ ಬಾಯಲ್ಲೂ ಎಮ್ಮೆಯದೇ ಮಾತು.

ಇನ್ನು ತಾನೇ ಹೋಗಿ ಚನ್ನರಾಯಪ್ಪನವರ ಕಾಲಿಗೆ ಬೀಳುವುದೆಂದು ನಿರ್ಧರಿಸಿದ. ಅದಕ್ಕೂ ಮೊದಲು, ಯಾರ್‍ಯಾರಿಗೆ ತಲುಪಿದೆಯೆಂದು ನೋಡಲು ಕಂಪ್ಯೂಟರಿನ ಮುಂದೆ ಕೂತ. ನೋಡಿದವನು ಕಣ್ಣುಜ್ಜಿಕೊಂಡ. ಆ ಮೇಲ್ ಸಾಧನಕ್ಕೆ ಹೊರಗಿನ ದಾರಿಯನ್ನೇ ಯಾರೂ ಜೋಡಿಸಿರಲಿಲ್ಲ. ಪ್ರೋಗ್ರಾಮ್ ಒಪ್ಪಿಸಿದ್ದನ್ನೆಲ್ಲ ಅದು ತನ್ನ ಹತ್ತಿರವೇ ಇಟ್ಟುಕೊಂಡು ಕೂತಿತ್ತು; ಪರದೆ ‘ರವಾನೆಯಾಗಿದೆ’ ಎಂದಿದ್ದು ಆ ಒಪ್ಪಿಸಿದ್ದಕ್ಕಷ್ಟೇ. ಇನ್ನೂರ ಹನ್ನೆರಡರಲ್ಲಿ ಒಂದೂ ಆ ಕೋಣೆ ದಾಟಿರಲಿಲ್ಲ.

ನಯೀಮ್ ಎಲ್ಲವನ್ನೂ ಅಳಿಸಿ ಹಾಕಿದ. ಬೆಳಗಿನಿಂದ ಮೊದಲ ಸಲ ಉಸಿರು ಎದೆಯವರೆಗೂ ಇಳಿಯಿತು. ಅಷ್ಟರಲ್ಲಿ ಕೋಲಾರದಿಂದ ಮರಳಿದ ಚನ್ನರಾಯಪ್ಪನವರು ತಮ್ಮ ಕೋಣೆಗೆ ಕರೆಸಿದರು.

ಅವರು ನಗುಮುಖದಲ್ಲೇ ಇದ್ದರು. ಮೇಜಿನ ಮೇಲೆ ಅವನ ಪತ್ರವಿತ್ತು. “ಕೆಲಸ ಚೆನ್ನಾಗಿ ಮಾಡ್ತಿದ್ದೀಯಪ್ಪ,” ಎಂದು ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲು ತೆರೆಯಿತು. ಸುನಂದಮ್ಮ, ಆಂಜಿ, ಅರುಣ್‌ಕುಮಾರ್, ಅವರ ಹಿಂದೆ ಇನ್ನೂ ಏಳೆಂಟು ಜನ. ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಬಂದವರ ಗಾಂಭೀರ್ಯ. ನಯೀಮ್ ಅವರತ್ತ ಕಣ್ಣು ಮಿಟುಕಿಸಿದ, ತಲೆ ಅಲ್ಲಾಡಿಸಿದ. ಪಾಪ, ಮೇಲ್ ಓದಿಯೇ ಸಾರ್ ಕರೆಸಿದ್ದಾರೆ, ಭಯಕ್ಕೆ ನಡುಗುತ್ತಿದ್ದಾನೆ ಎಂದುಕೊಂಡರು ಸುನಂದಮ್ಮ.

“ಸಾರ್,” ಎಂದು ಅವರು ಕೈ ಮುಗಿದರು, “ನಯೀಮ್ ಮನಸ್ಸು ಒಳ್ಳೇದು. ಆ ಎಮ್ಮೆ ಮಾತಿಗೆ ನೀವು ಬೇಜಾರ್ ಮಾಡ್ಕೋಬೇಡಿ.”

ಚನ್ನರಾಯಪ್ಪನವರ ಪೆನ್ನು ಕಾಗದದ ಮೇಲೆ ನಿಂತಿತು.

“ಯಾವ ಎಮ್ಮೆ?”

ಆಂಜಿ ಮುಂದೆ ಬಂದು, ಒಂದಕ್ಷರ ಬಿಡದೆ, ವಿವರವಾಗಿ ಹೇಳಿದ.