ಮನೆಗಾಡಿಯ ಮಿಸ್ಡ್ ಕಾಲ್

ರುಕಿಯಾ: ನಾಳೆ ಮೈಸೂರಿಗೆ ನೀವು ಒಬ್ಬರೇ ಹೋಗಿ. ನಾನು ಬರುವುದಿಲ್ಲ.

ರಹಿಮಾನ್: ಹತ್ತೊಂಬತ್ತು ವರ್ಷ ದಮ್ಮಾಮಿನಲ್ಲಿ ಟ್ರಕ್ಕು ಓಡಿಸಿದ್ದು ಊರಿಗೆ ಬಂದು ನಿನ್ನನ್ನು ತಿರುಗಾಡಿಸ್ಲಿಕ್ಕೆ. ಗಾಡಿ ಆಯ್ತು, ಮಂಚ ಆಯ್ತು, ಗ್ಯಾಸಿನ ಒಲೆಯೂ ಆಯ್ತು. ಈಗ ಬರುವುದಿಲ್ಲ ಅಂದ್ರೆ ಎಂತ ಅರ್ಥ?

ರುಕಿಯಾ: ನಿನ್ನೆ ಬಂಟ್ವಾಳದಿಂದ ಬರುವಾಗ ನಿಮ್ಮ ಮೊಬೈಲು ಎಷ್ಟು ಸಲ ಹೊಡ್ಕೊಂಡಿತು?

ರಹಿಮಾನ್: ನಾಲ್ಕು ಸಲ.

ರುಕಿಯಾ: ನಿಮಗೆ ಎಷ್ಟು ಸಲ ಕೇಳಿತು?

ರಹಿಮಾನ್: ಅದು ಮನೆಗೆ ಬಂದು ನೋಡಿದ ಮೇಲೆ ಗೊತ್ತಾದದ್ದು.

ಜಗಳ ನಡೆಯುತ್ತಿದ್ದದ್ದು ಪುಂಜಾಲಕಟ್ಟೆಯಲ್ಲಿ, ಹನೀಫಾನ ಮೊಬೈಲ್ ಅಂಗಡಿಯ ಕೌಂಟರಿನ ಮುಂದೆ. ಹನೀಫಾ ರುಕಿಯಾಳಿಗೆ ದೂರದ ಸಂಬಂಧಿ. ಆದ್ದರಿಂದ ಮಧ್ಯೆ ಬಾಯಿ ಹಾಕದಷ್ಟು ಹೊರಗಿನವನೂ ಅಲ್ಲ, ಸುಮ್ಮನಿರುವಷ್ಟು ಬುದ್ಧಿವಂತನೂ ಅಲ್ಲ. ಹೊರಗೆ ನಿಂತಿತ್ತು ಆ ಮನೆಗಾಡಿ. ಯಾರೋ ಮಾರಿದ ಹಳೆಯ ಡೀಸೆಲ್ ವ್ಯಾನಿನೊಳಗೆ ಅಬ್ದುಲ್ ರಹಿಮಾನ್ ಮಂಚ, ಒಲೆ, ಪಾತ್ರೆಯ ಸ್ಟ್ಯಾಂಡು, ಹೂವಿನ ಪರದೆ ಎಲ್ಲ ಕೂರಿಸಿದ್ದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂದು ಅವರ ಊರು ಶಿರ್ತಾಡಿಯ ಜನ ಆಡಿಕೊಂಡರೂ ರುಕಿಯಾಳಿಗೆ ಒಳಗೊಳಗೆ ಖುಷಿಯೇ ಇತ್ತು. ಇಂಜಿನು ಶುರುವಾದರೆ ಮಾತ್ರ ಲೋಟ ತಟ್ಟೆಗಳೆಲ್ಲ ಒಟ್ಟಿಗೆ ಕುಣಿಯುತ್ತಿದ್ದವು, ಫೋನು ಹೊಡೆದುಕೊಂಡರೂ ಕೇಳುತ್ತಿರಲಿಲ್ಲ.

ಅವಳ ಮನಸ್ಸಿನಲ್ಲಿದ್ದದ್ದು ಬೇರೆ ಸಂಗತಿ. ಒಬ್ಬಳೇ ಮಗಳು ಆಫ್ರಾ ಸೌದಿಯ ದಮ್ಮಾಮಿನಲ್ಲಿ ಹೆರಿಗೆಗೆ ದಿನ ಎಣಿಸುತ್ತಿದ್ದಾಳೆ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು, ಆದರೆ ವಿಮಾನ ಹತ್ತಬೇಡಿ ಎಂದರು ಡಾಕ್ಟರು. ಮಗು ಹುಟ್ಟುವಾಗ ಪಕ್ಕದಲ್ಲಿರುವ ಯೋಗವಂತೂ ಇಲ್ಲ, ಆ ಸುದ್ದಿಯನ್ನಾದರೂ ಬಂದ ಗಳಿಗೆಯಲ್ಲೇ ಕೇಳಬೇಕು ಎಂಬುದು ಅವಳ ಹಟ. ಅಳಿಯ ಸುಹೈಬ್ ಕೈ ಬಿಗಿ ಮನುಷ್ಯ. ಗಂಡಾದರೆ ಒಂದು ಮಿಸ್ಡ್ ಕಾಲ್, ಹೆಣ್ಣಾದರೆ ಎರಡು, ಉಳಿದ ಮಾತು ಶುಕ್ರವಾರ ಎಂದು ಮೊದಲೇ ಹೇಳಿಟ್ಟಿದ್ದ.

ಹನೀಫಾ: ಮಾಮ, ಇದು ನೋಡಿ. ವಯರಿನದ್ದು. ಎರಡೂ ಕಿವಿಗೆ ಹಾಕಿದ್ರೆ ಇಂಜಿನ್ ಶಬ್ದ ಬರುವುದೇ ಇಲ್ಲ.

ರುಕಿಯಾ: ಹಿಂದಿನಿಂದ ಬರುವ ಬಸ್ಸಿನ ಹಾರ್ನು?

ಹನೀಫಾ: ಅದೂ ಬರುವುದಿಲ್ಲ.

ರುಕಿಯಾ: ಹಾಗಾದ್ರೆ ನಾವು ಮೈಸೂರಿಗೆ ಹೋಗುವುದಲ್ಲ, ನೇರ ಮೇಲೆ ಹೋಗುವುದು.

ಹನೀಫಾ: ಇದು ಬ್ಲೂಟೂತ್. ಒಂದೇ ಕಿವಿಗೆ ಸಿಕ್ಕಿಸುವುದು. ಸುತ್ತಲಿನ ಗಲಾಟೆಯನ್ನೆಲ್ಲ ಅದೇ ಕಡಿಮೆ ಮಾಡ್ತದೆ.

ರಹಿಮಾನ್: ಎಲ್ಲ ಗಲಾಟೆಯನ್ನಾ?

ಹೇಳುತ್ತ ಅವರು ಹೆಂಡತಿಯ ಕಡೆ ನೋಡಿದರು.

ರುಕಿಯಾ: ಯಾಕೆ ನನ್ನನ್ನು ನೋಡುವುದು?

ರಹಿಮಾನ್: ಸುಮ್ಮನೆ. ಆ ಇಂಜಿನನ್ನು ಮೀರಿ ಕೇಳುವುದು ಲೋಕದಲ್ಲಿ ನಿನ್ನ ಗಂಟಲು ಒಂದೇ. ಅದಕ್ಕೂ ಮೆಷಿನ್ ಬಂತಾ ಅಂತ.

ರುಕಿಯಾಳಿಗೆ ಈ ಮಾತು ನಾಟಿತು. ಹತ್ತೊಂಬತ್ತು ವರ್ಷ ಫೋನಿನಲ್ಲಿ ಕಿರುಚಿ ಕಿರುಚಿ ಮಾತಾಡಿಯೇ ಅವಳ ಗಂಟಲು ಹೀಗಾದದ್ದು. ಅದನ್ನು ಇವರಿಗೆ ಯಾರು ಹೇಳಬೇಕು.

ರುಕಿಯಾ: ನಿಮ್ಮ ಕಿವಿಗೆ ಬಂದದ್ದು ನನಗೆ ಯಾವಾಗ ಮುಟ್ಟುವುದು? ಪುತ್ತಿಗೆಯಲ್ಲಿ ಮೊಯ್ದೀನ್ ಮಗನ ಮದುವೆ ನಿಶ್ಚಯ ಆದದ್ದನ್ನು ನೀವು ನನಗೆ ಹೇಳಿದ್ದು ಮದುವೆಯ ಹಿಂದಿನ ದಿನ. ಹನೀಫಾ, ಇಬ್ಬರಿಗೂ ಒಟ್ಟಿಗೆ ಕೇಳುವಂಥದ್ದು ಕೊಡು.

ಹನೀಫಾ ಕಪಾಟಿನಿಂದ ಸಾಬೂನಿನ ಡಬ್ಬಿಯಷ್ಟು ದೊಡ್ಡ ಸ್ಪೀಕರು ತೆಗೆದ. ಡ್ರೈವರನ ತಲೆಯ ಮೇಲಿನ ಬಿಸಿಲುತಡೆಗೆ ಸಿಕ್ಕಿಸುವಂಥದ್ದು. ಫೋನು ಬಂದರೆ ಯಾರೂ ಮುಟ್ಟಬೇಕೆಂದಿಲ್ಲ, ತಾನೇ ಎತ್ತುತ್ತದೆ ಎಂದ. ರುಕಿಯಾಳ ಮುಖ ಅರಳಿತು. ಮೂವರೂ ಗಾಡಿಗೆ ಬಂದರು. ಹನೀಫಾ ಸ್ಪೀಕರು ಸಿಕ್ಕಿಸಿ ರಹಿಮಾನರ ಮೊಬೈಲಿಗೆ ಜೋಡಿಸಿದ. ರಹಿಮಾನ್ ಇಂಜಿನ್ ಶುರು ಮಾಡಿದರು, ಲೋಟ ತಟ್ಟೆ ಕುಣಿದವು.

ರಹಿಮಾನ್: ಅಂಗಡಿಯಿಂದ ಫೋನು ಮಾಡು, ನೋಡುವ.

ಹನೀಫಾ ಅಂಗಡಿಗೆ ಹೋಗಿ ಫೋನು ಮಾಡಿದ. ಸ್ಪೀಕರು ಬೀಪ್ ಎಂದು ತಾನೇ ಎತ್ತಿತು.

ರಹಿಮಾನ್: ಹನೀಫಾ, ನಿನ್ನ ಸ್ವರ ಚಂದ ಕೇಳ್ತದೆ ಮಾರಾಯ. ಎದುರು ನಿಂತ ಹಾಗೆ.

ಹನೀಫಾ: ಎದುರೇ ನಿಂತಿದ್ದೇನೆ ಮಾಮ. ಅಂಗಡಿಯಿಂದ ಕೂಗಿದ್ದು ನಿಮಗೆ ಕೇಳ್ಲಿಲ್ಲ, ಅದಕ್ಕೆ ಕಿಟಕಿ ಹತ್ತಿರ ಬಂದೆ.

ರುಕಿಯಾ: ಇಂಜಿನ್ ಆಫ್ ಮಾಡಿ, ಮೊದಲು ಸರಿಯಾಗಿ ಕೇಳುವ.

ರಹಿಮಾನ್: ಆಫ್ ಮಾಡಿದ್ರೆ ಮತ್ತೆ ತಳ್ಳಬೇಕು. ಬ್ಯಾಟರಿ ವೀಕ್ ಉಂಟು.

ಅಷ್ಟರಲ್ಲಿ ಮತ್ತೊಮ್ಮೆ ಬೀಪ್ ಎಂದಿತು. ಹನೀಫಾನ ಫೋನು ಅವನ ಜೇಬಿನಲ್ಲಿತ್ತು. ಮೊಬೈಲಿನ ಮೇಲೆ ಉದ್ದದ ನಂಬರು, ಸೌದಿಯದ್ದು. ‘ಹಲೋ’ ಎನ್ನುವಷ್ಟರಲ್ಲಿ ಕಟ್ಟಾಯಿತು. ಅರ್ಧ ನಿಮಿಷದಲ್ಲಿ ಪುನಃ ಬೀಪ್, ಪುನಃ ಕಟ್.

ರುಕಿಯಾ: ಎರಡು. ಹೆಣ್ಣು.

ರಹಿಮಾನ್: ಎರಡು ಹೇಗೆ? ಮೊದಲಿನದ್ದನ್ನು ಇದು ಎತ್ತಿತು. ಎತ್ತಿದ್ದು ಮಿಸ್ಡ್ ಕಾಲ್ ಅಲ್ಲ. ಅದಕ್ಕೆ ಅವನು ಪುನಃ ಕೊಟ್ಟದ್ದು. ಲೆಕ್ಕಕ್ಕೆ ಒಂದೇ. ಗಂಡು.

ಹನೀಫಾ: ಎರಡನೆಯದನ್ನೂ ಇದೇ ಎತ್ತಿತಲ್ಲ ಮಾಮ. ಹಾಗೆ ನೋಡಿದ್ರೆ ಒಂದೂ ಇಲ್ಲ.

ರುಕಿಯಾ: ಒಂದೂ ಇಲ್ಲ ಅಂದ್ರೆ ನನ್ನ ಮಗಳಿಗೆ ಹೆರಿಗೆಯೇ ಆಗ್ಲಿಲ್ಲವಾ? ತಾನೇ ಎತ್ತುವ ಡಬ್ಬಿಯನ್ನು ನಮಗೆ ಯಾಕೆ ಕೊಟ್ಟದ್ದು ನೀನು? ನಮ್ಮ ಮನೆಯಲ್ಲಿ ಸುಹೈಬನ ಫೋನು ಎತ್ತುವ ಪದ್ಧತಿ ಉಂಟಾ?

ಹನೀಫಾ: ಎತ್ತಲಿಕ್ಕೆ ಅಲ್ವಾ ಮಾಮಿ, ಫೋನು ಇರುವುದು?

ರುಕಿಯಾ: ಅದು ನಿಮ್ಮಲ್ಲಿ.

ಅವಳ ಸ್ವರ ಅಲ್ಲಿಗೇ ಒಡೆಯಿತು. ಮಗು ಹುಟ್ಟಿದೆಯೋ, ಮಗಳು ಹೇಗಿದ್ದಾಳೋ, ಒಂದೂ ಗೊತ್ತಿಲ್ಲ. ಈ ಗಂಡಸರು ಇಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಆಗ ಮೂರನೆಯ ಸಲ ಬೀಪ್ ಎಂದಿತು. ಈ ಸಲ ಕಟ್ಟಾಗಲಿಲ್ಲ. ಸುಹೈಬ್ ಏನೋ ಹೇಳುತ್ತಿದ್ದ, ಇಂಜಿನು ಅದನ್ನೆಲ್ಲ ನುಂಗುತ್ತಿತ್ತು. ಆಮೇಲೆ ಇನ್ನೊಂದು ಸ್ವರ ಬಂತು. ಇಂಜಿನನ್ನೂ ಪಾತ್ರೆಗಳನ್ನೂ ಬೆಳ್ತಂಗಡಿ ಬಸ್ಸಿನ ಹಾರ್ನನ್ನೂ ಮೀರಿ ಆ ಅಳು ಗಾಡಿಯ ತುಂಬಾ ಹರಡಿತು. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು.

ರುಕಿಯಾ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ರಹಿಮಾನ್ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರು.

ಸುಹೈಬ್: ಮಾಮಿ, ಹೆಣ್ಣು. ಆಫ್ರಾ ಹುಷಾರಿದ್ದಾಳೆ. ಎರಡು ಸಲವೂ ನೀವು ಯಾಕೆ ಎತ್ತಿದ್ದು? ಮೂರನೆಯ ಸಲ ನಾನು ಹೇಳಿದ್ದು ನಿಮಗೆ ಕೇಳ್ತಾ ಇರ್ಲಿಲ್ಲ, ಅದಕ್ಕೆ ಫೋನನ್ನು ಮಗುವಿನ ಬಾಯಿ ಹತ್ತಿರ ಹಿಡಿದೆ.

ರುಕಿಯಾ: ಆಫ್ರಾಳಿಗೆ ಕೊಡು.

ಸುಹೈಬ್: ಶುಕ್ರವಾರ ಮಾಮಿ.

ರುಕಿಯಾ: ಈಗ ಕೊಡು.

ಸುಹೈಬ್ ಕೊಟ್ಟ. ತಾಯಿ ಮಗಳು ಒಂಬತ್ತು ನಿಮಿಷ ಮಾತಾಡಿದರು. ಅರ್ಧ ಅಳು, ಉಳಿದದ್ದು ಮೂಗು ಯಾರದ್ದು ಎಂಬ ಚರ್ಚೆ. ಮುಗಿದ ಮೇಲೆ ಹನೀಫಾ ಮೆಲ್ಲ ಕೇಳಿದ.

ಹನೀಫಾ: ನೋಡಿದ್ರಾ ಮಾಮ, ಮೆಷಿನ್‌ನ ಗುಣ? ಆ ಗಲಾಟೆಯಲ್ಲೂ ಎಷ್ಟು ಸ್ಪಷ್ಟ ಕೇಳಿತು.

ರಹಿಮಾನ್: ಮೆಷಿನ್‌ನ ಗುಣ ಅಲ್ಲ ಅದು, ಅಜ್ಜಿಯ ಗುಣ. ಆ ಗಂಟಲಿಗೆ ಡಬ್ಬಿಯೇ ಬೇಡ. ವಾಪಸ್ ಇಟ್ಕೋ.

ಈ ಸಲ ರುಕಿಯಾಳಿಗೆ ಕೋಪ ಬರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಸ್ಪೀಕರನ್ನು ಬಿಸಿಲುತಡೆಗೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದಳು.

ರುಕಿಯಾ: ಅದು ಅಲ್ಲಿಯೇ ಇರಲಿ. ಚೊಚ್ಚಲು ತಾಯಿಮನೆಯಲ್ಲಿ ಆಗ್ಲಿಲ್ಲ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ಮಗು ಅತ್ತದ್ದು ಈ ಗಾಡಿಯಲ್ಲಿರುವ ನನ್ನ ಅಡಿಗೆಕೋಣೆಗೆ ಕೇಳಿದೆ.

ರಹಿಮಾನ್: ಹಾಗಾದ್ರೆ ಮೈಸೂರು?

ರುಕಿಯಾ: ಹೋಗುವ. ಈಗ ಅಜ್ಜ ಇಳಿದು ಗಾಡಿ ತಳ್ಳಲಿ.