ಚೀಲಕ್ಕೆ ಜೀಪು, ನಮಗೆ ಕಾಲುದಾರಿ

ದುಡ್ಡು ಕೊಟ್ಟು ಬಸ್ಸು ಹತ್ತುವವರನ್ನು ನೋಡಿದ್ದೇನೆ, ದುಡ್ಡು ಉಳಿಸಲು ನಡೆದು ಹೋಗುವವರನ್ನೂ ನೋಡಿದ್ದೇನೆ. ದುಡ್ಡು ಕೊಟ್ಟು ನಡೆಯುವ ಮನುಷ್ಯನನ್ನು ಮೊದಲ ಸಲ ನೋಡಿದ್ದು ಕಳೆದ ದಸರಾ ರಜೆಯಲ್ಲಿ. ಆ ಮನುಷ್ಯ ಬೇರೆ ಯಾರೂ ಅಲ್ಲ, ನಾನೇ. ನೆನೆದರೆ ಈಗಲೂ ಮೈ ಉರಿಯುತ್ತದೆ. ಹಾಗೆ ನೋಡಿದರೆ ನಾನು ಸಿಟ್ಟಿನವನಲ್ಲ. ತಿಕೋಟಾದ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ಭೂಗೋಳ ಕಲಿಸಿದವನಲ್ಲಿ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಎಲ್ಲಿ ಉಳಿದಿರುತ್ತದೆ? ಆದರೂ ನೀವೇ ಹೇಳಿ. ಪ್ರವಾಸ ಸಂಸ್ಥೆಯೊಂದು ಏರ್ಪಡಿಸಿದ, ಘಟ್ಟದ ಮೇಲಿನ ಹಳ್ಳಿಯಿಂದ ಕಡಲ ದಂಡೆಯವರೆಗೆ ಮೂರು ದಿನದ ನಡಿಗೆ. ಜೊತೆಗೆ ಯಾರೂ ಬರುವುದಿಲ್ಲ. ಕೈಗೊಂದು ಪುಸ್ತಿಕೆ ಕೊಟ್ಟು, 'ನಿಮ್ಮ ದಾರಿಗೆ ನೀವೇ ಮಾರ್ಗದರ್ಶಿ' ಎಂದು ನಕ್ಕು ಕಳಿಸುತ್ತಾರೆ. ಖಾನಾವಳಿಗೆ ಹೋದವನ ಮುಂದೆ ಹಿಟ್ಟಿನ ಡಬ್ಬಿ ಇಟ್ಟು, 'ನಿಮ್ಮ ರೊಟ್ಟಿ ನೀವೇ ಬಡಿದುಕೊಳ್ಳಿ' ಎಂದರೆ ಯಾರಾದರೂ ಸುಮ್ಮನಿರುತ್ತಾರೆಯೇ? ನಾನು ಸುಮ್ಮನಿದ್ದೆ. ಅದಕ್ಕೊಂದು ಕಾರಣವಿತ್ತು.

ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ದಿನ ಕರಿಹಲಗೆಯ ಮೇಲೆ ಪಶ್ಚಿಮ ಘಟ್ಟ ಬರೆದು, ಅದರ ಎಡಕ್ಕೆ ನೀಲಿ ಸೀಮೆಸುಣ್ಣದಿಂದ ಅರಬ್ಬಿ ಸಮುದ್ರ ತುಂಬುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ, ನೀವು ಸಮುದ್ರ ನೋಡೀರಿ?" ಎಂದ. ಹೊಸ ಮಾಸ್ತರ, ಇಸ್ತ್ರಿ ಮಾಡಿದ ಅಂಗಿ, ಎದುರಿಗೆ ಅರವತ್ತು ಜೊತೆ ಕಣ್ಣು. "ನೋಡೀನಿ" ಎಂದುಬಿಟ್ಟೆ. "ಎಷ್ಟ ದೊಡ್ಡದೈತ್ರಿ ಸರ?" ಎಂದ. ನಮ್ಮ ಭೂತನಾಳ ಕೆರೆಯಂಥ ಸಾವಿರ ಕೆರೆ ಕೂಡಿಸಿದರೂ ಅದರ ಒಂದು ಮೂಲೆಗೆ ಸಾಲದು ಎಂದೆ. ತರಗತಿ ಬಾಯಿ ತೆರೆದು ಕುಳಿತಿತು. ಆ ಬಾಯಿಗಳ ಆಸೆಗೆ ಬಿದ್ದು ನಾನು ವರ್ಷವರ್ಷವೂ ಸಮುದ್ರ ನೋಡುತ್ತ ಬಂದೆ. ಅಲ್ಲಿ ಮಿಂದೆ, ದೋಣಿ ಹತ್ತಿದೆ, ಒಂದು ವರ್ಷವಂತೂ ಸ್ವಲ್ಪದರಲ್ಲಿ ಮುಳುಗುವುದು ತಪ್ಪಿತು. ನಿಜ ಹೇಳಬೇಕೆಂದರೆ, ಮೀರಜಿನಿಂದಾಚೆ ನಾನು ಪಶ್ಚಿಮಕ್ಕೆ ಕಾಲಿಟ್ಟವನೇ ಅಲ್ಲ.

ಶಾಲೆಯ ಸುಳ್ಳು ಶಾಲೆಯಲ್ಲೇ ಇದ್ದಿದ್ದರೆ ತೊಂದರೆಯಿರಲಿಲ್ಲ. ಅದು ಹೇಗೋ ಇಬ್ರಾಹಿಂಪುರದ ನಮ್ಮ ಮನೆಯವರೆಗೂ ಬಂತು. ನನ್ನ ಹೆಂಡತಿ ಮಹಾದೇವಿ ಜೈನಾಪುರದವಳು. ಬಬಲೇಶ್ವರದಲ್ಲಿ ನಡೆದ ಅವಳ ತಂಗಿಯ ಮಗಳ ಮದುವೆಯಲ್ಲಿ ಊಟದ ಪಂಕ್ತಿಯ ನಡುವೆ ನಿಂತು, "ನಮ್ಮ ಮನಿಯವ್ರು ಸಮುದ್ರದಾಗ ಈಜ್ಯಾರ. ಈ ಸಲ ದಸರಾ ಸೂಟಿಗೆ ನನಗೂ ತೋರಸ್ತಾರ" ಎಂದು ಸಾರಿಬಿಟ್ಟಳು. ಎಲೆಯಲ್ಲಿದ್ದ ಸಿಹಿ ಸಜ್ಜಕವನ್ನು ಹಾಗೇ ಬಿಟ್ಟು ಎದ್ದೆ. ಮನೆಗೆ ಬಂದ ಮೇಲೂ ಅವಳು ಹಟ ಬಿಡಲಿಲ್ಲ. ಬಸ್ಸಿನಲ್ಲಿ ಹೋದರೆ ಇಬ್ಬರೂ ಒಂದೇ ಕಿಟಕಿಯಿಂದ ಒಂದೇ ಗಳಿಗೆಯಲ್ಲಿ ಸಮುದ್ರ ನೋಡಬೇಕು. ಮೊದಲ ಸಲ ನೋಡುವವನ ಮುಖ ಹೇಗಾಗುತ್ತದೋ ನನಗೆ ಗೊತ್ತಿಲ್ಲ, ಆದರೆ ಅವಳಿಗೆ ಗೊತ್ತಾಗುತ್ತದೆ. ಆಗ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದು ಈ ನಡಿಗೆಯ ಜಾಹೀರಾತು. ಕೊನೆಯ ದಿನ ನಾನು ಅರ್ಧ ತಾಸು ಮುಂದೆ ನಡೆದು, ಒಬ್ಬನೇ ಸಮುದ್ರ ನೋಡಿ, ಬೆರಗಾಗುವಷ್ಟು ಬೆರಗಾಗಿ ಮುಗಿಸಿ, ಅವಳು ಬರುವ ಹೊತ್ತಿಗೆ ಹಳೆಯ ಗೆಳೆಯನ ಪಕ್ಕದಲ್ಲಿ ನಿಂತವನ ಹಾಗೆ ನಿಂತಿರಬಹುದಲ್ಲ! ಇಪ್ಪತ್ತೇಳು ವರ್ಷದ ಮಾನ ಅರ್ಧ ತಾಸಿನಲ್ಲಿ ಉಳಿಯುತ್ತಿತ್ತು. ಅದಕ್ಕಾಗಿಯೇ ದುಡ್ಡು ಕಟ್ಟಿದೆ.

ಮಹಾದೇವಿಗೆ ನಡಿಗೆ ಹೊಸದಲ್ಲ. ಯುಗಾದಿಯ ಮುಂಚೆ ಊರವರೊಂದಿಗೆ ಶ್ರೀಶೈಲಕ್ಕೆ ಎರಡು ಸಲ ನಡೆದು ಹೋಗಿ ಬಂದವಳು. ಆಗೆಲ್ಲ ನಾನು, "ಬಸ್ಸು ಯಾಕ ಬಿಟ್ಟಾರ, ನೋಡಾಕಷ್ಟನಾ?" ಎಂದು ಹಂಗಿಸುತ್ತಿದ್ದೆ. ಘಟ್ಟದ ಹಳ್ಳಿಯಲ್ಲಿ ಮೊದಲ ಬೆಳಿಗ್ಗೆ ಸಂಸ್ಥೆಯ ಜೀಪೊಂದು ಬಂದು, ನಮ್ಮ ಚೀಲಗಳನ್ನು ಎತ್ತಿ ಮೆತ್ತನೆಯ ಸೀಟಿನ ಮೇಲೆ ಕೂರಿಸಿಕೊಂಡು ಮುಂದಿನ ಊರಿಗೆ ಹೊರಟಿತು. ಸೀಟು ಇನ್ನೂ ಖಾಲಿಯಿತ್ತು. ನಾವು ಹತ್ತಲು ಹೋದರೆ ಚಾಲಕ, "ನೀವು ನಡೀಬೇಕು ಸಾರ್" ಎಂದ. ಮಹಾದೇವಿ ನನ್ನ ಮುಖ ನೋಡಿದಳು. "ಏನ್ರಿ ಇದು? ಚೀಲಕ್ಕ ಗಾಡಿ, ನಮಗ ಕಾಲು? ಶ್ರೀಶೈಲದ ದಾರ್ಯಾಗ ಊರೂರಿಗೆ ಕರದು ಊಟಾ ಹಾಕತಾರ, ಕಾಲಿಗೆ ಎಣ್ಣಿ ಹಚ್ಚತಾರ. ಹ್ವಾದ್ರ ಮಲ್ಲಯ್ಯ ಸಿಗತಾನ. ಇಲ್ಲಿ ಏನ್ ಸಿಗತೈತಿ?" ಎಂದಳು. ಸಮುದ್ರ ಸಿಗುತ್ತದೆ ಎಂದೆ. ಅಷ್ಟರಲ್ಲಿ ಇನ್ನೊಂದು ಅನ್ಯಾಯ ಬೆಳಕಿಗೆ ಬಂತು. ಅವಳು ಎರಡು ದಿನ ಕುಳಿತು ಬಡಿದ ಕಟಕ ರೊಟ್ಟಿ, ನೆಂಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿ ಎಲ್ಲ ಆ ಚೀಲದಲ್ಲೇ ಇದ್ದವು. ರೊಟ್ಟಿಗಳು ಹತ್ತು ಗಂಟೆಗೇ ಊರು ಮುಟ್ಟಿ ವಿಶ್ರಾಂತಿ ತೆಗೆದುಕೊಂಡವು. ಅವುಗಳ ಮಾಲೀಕರು ಸಂಜೆ ನಾಲ್ಕಕ್ಕೆ, ಜೇಬಿನಲ್ಲಿದ್ದ ಒಂದು ಮುಷ್ಟಿ ಒಣದ್ರಾಕ್ಷಿ ತಿಂದುಕೊಂಡು, ಕಾಲೆಳೆಯುತ್ತ ಬಂದರು.

ಇನ್ನು ಆ ಪುಸ್ತಿಕೆ. ಅದನ್ನು ಬರೆದವನು ಎದುರಿಗೆ ಸಿಕ್ಕರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. 'ದೊಡ್ಡ ಹಲಸಿನ ಮರ ಬಂದಾಗ ಎಡಕ್ಕೆ ತಿರುಗಿ', 'ಮುರುಗಲು ಮರ ದಾಟಿ ಇಳಿಯಿರಿ' ಎಂದು ಪುಟ ತುಂಬ ಮರಗಳು. ಬಯಲು ಸೀಮೆಯವನಿಗೆ ಬೇವು ಗೊತ್ತು, ಜಾಲಿ ಗೊತ್ತು, ಆಲ ಗೊತ್ತು. ಹಲಸಿನ ಹಣ್ಣು ಕೂಡ ಗೊತ್ತು, ಕೈಗಾಡಿಯ ಮೇಲೆ ಕೊಯ್ದಿಟ್ಟಿದ್ದರೆ. ಅಕ್ಟೋಬರಿನಲ್ಲಿ ಹಣ್ಣಿಲ್ಲದೆ ನಿಂತ ಹಲಸಿನ ಮರವನ್ನು ನಾನು ಯಾವ ಆಧಾರದ ಮೇಲೆ ಗುರುತಿಸಲಿ? ನಮ್ಮೂರಲ್ಲಿ ದಾರಿ ತಪ್ಪಬೇಕೆಂದರೆ ಅದಕ್ಕೆ ಕಷ್ಟಪಡಬೇಕು. ತಿಕೋಟಾದಿಂದ ಸಂಜೆಯ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬಂದರೂ, ಕಣ್ಣು ಬಿಟ್ಟಾಗ ಗುಮ್ಮಟ ಕಾಣುತ್ತದೆ, ಊರು ಬಂತೆಂದು ಗೊತ್ತಾಗುತ್ತದೆ. ಇಲ್ಲಿ ಹತ್ತು ಮಾರು ಆಚೆಯದೂ ಕಾಣದು. ಮಹಾದೇವಿ ಮಾತ್ರ ಪುಸ್ತಿಕೆಯ ಕಡೆ ನೋಡಲೇ ಇಲ್ಲ. ಹುಲ್ಲು ಹೊತ್ತವಳು, ಎಮ್ಮೆ ಮೇಯಿಸುವವನು, ಯಾರು ಸಿಕ್ಕರೂ, "ಯಕ್ಕಾ, ಸಮುದ್ರಕ್ಕ ಹೆಂಗ ಹೋಗೂದು?" "ಯಣ್ಣಾ, ಈ ದಾರಿ ಹೌದಲ್ಲ?" ಎಂದು ಕೇಳುತ್ತಿದ್ದಳು. "ನಾ ಭೂಗೋಳದ ಮಾಸ್ತರ ಅದೀನಿ. ನನ್ನ ಮುಂದ ಮಂದೀನ್ನ ದಾರಿ ಕೇಳಬ್ಯಾಡ" ಎಂದು ಎರಡು ದಿನವೂ ಗದರಿಸಿದೆ. ಅವಳು ತಲೆಯಾಡಿಸಿ ಮುಂದಿನವಳನ್ನು ಕೇಳುತ್ತಿದ್ದಳು.

ಮೂರನೆಯ ಬೆಳಿಗ್ಗೆ, "ನೀ ಆರಾಮಾಗಿ ಬಾ. ನಾ ಮುಂದ ಹೋಗಿ ದಾರಿ ನೋಡತೇನಿ" ಎಂದು ಹೊರಟೆ. ಅವಳು ಬೇಡವೆನ್ನಲಿಲ್ಲ. ಒಂದು ದಪ್ಪ ಮರ ಬಂತು, ಹಲಸೇ ಇರಬೇಕೆಂದು ಎಡಕ್ಕೆ ತಿರುಗಿದೆ. ಇನ್ನೊಂದು ದಪ್ಪ ಮರ ಬಂತು, ಹಾಗಾದರೆ ಮೊದಲಿನದು ಹಲಸಲ್ಲ, ಇದೇ ಹಲಸು ಎಂದು ಮತ್ತೆ ಎಡಕ್ಕೆ ತಿರುಗಿದೆ. ಸಗಣಿ ಸಾರಿಸಿದ ಅಂಗಳವೊಂದಕ್ಕೆ ಬಂದು ಮುಟ್ಟಿದೆ. ಮನೆಯ ಅಜ್ಜಿ ಏನನ್ನೂ ಕೇಳದೆ ಮಜ್ಜಿಗೆ ಕೊಟ್ಟಳು. ಕುಡಿದು, ಬಾಯೊರೆಸಿಕೊಂಡು, ನಾನು ಭೂಗೋಳದ ಮಾಸ್ತರನೆಂದು ಹೇಳಿಕೊಂಡು, ಎಲ್ಲ ಗೊತ್ತಿರುವವನಂತೆ ಬಿರಬಿರನೆ ನಡೆದೆ. ಮುಕ್ಕಾಲು ತಾಸು ಇಳಿದು, ಹತ್ತಿ, ಮರಗಳನ್ನು ಬೈದು ತಲೆಯೆತ್ತಿದರೆ ಅದೇ ಅಂಗಳ, ಅದೇ ಅಜ್ಜಿ. "ಓ, ಮತ್ತೆ ಬಂದ್ರಾ? ದಾರಿ ತಪ್ಪಿತಾ?" ಎಂದಳು. "ಇಲ್ರೀ ಅಜ್ಜಿ, ಮಜ್ಜಿಗಿ ಭಾಳ ಚಲೋ ಇತ್ತು, ಅದಕ್ಕ ಬಂದೆ" ಎಂದೆ. ಹೀಗೆ ಎರಡು ಸಲ ಆ ಅಂಗಳ ಮೆಟ್ಟಿದ ಮೇಲೆ ಅವಳ ಗಂಡ ಎದ್ದು, "ಬನ್ನಿ ಮಾಸ್ತರ್ರೇ, ನಾನೂ ಕಡಲ ಬದಿಗೇ ಹೊರಟಿದ್ದೆ" ಎಂದರು. ಅವರು ಎಲ್ಲಿಗೂ ಹೊರಟಿರಲಿಲ್ಲ, ನನ್ನ ಮರ್ಯಾದೆ ಕಾಯಲು ಹಾಗೆಂದರು ಎಂಬುದು ನನಗೂ ತಿಳಿಯಿತು. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಮೊದಲು ಕೇಳಿಸಿತು, ಆಮೇಲೆ ಕಾಣಿಸಿತು. ಇದೂ ನನ್ನದೊಂದು ತಕರಾರು. ಸಮುದ್ರಕ್ಕೆ ಸದ್ದು ಇದೆ ಎಂದು ನಾನು ಕಲಿಸಿದ ಯಾವ ಪುಸ್ತಕದಲ್ಲೂ ಬರೆದಿಲ್ಲ. ಇಷ್ಟು ವರ್ಷ ನೀಲಿ ಸೀಮೆಸುಣ್ಣದಲ್ಲಿ ಸದ್ದಿಲ್ಲದ ಸಮುದ್ರ ತುಂಬಿದ್ದೆ. ನೀರು ಎದ್ದು ಬರುತ್ತಿತ್ತು, ಬಿದ್ದು ಹೋಗುತ್ತಿತ್ತು, ಆಚೆ ದಂಡೆಯೇ ಇರಲಿಲ್ಲ. ಭೂತನಾಳದ ಲೆಕ್ಕ ಹೇಳಿದ ನಾಲಿಗೆಯ ಬಗ್ಗೆ ನಾಚಿಕೆಯಾಯಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚದೆ, ಹಾಗೇ ನೀರಿಗಿಳಿದೆ. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ನಿಜವಾಗಿಯೂ ಉಪ್ಪು! ತಿರುಗಿ ನೋಡಿದರೆ ಹತ್ತು ಮಾರು ಆಚೆ ಮಹಾದೇವಿ ಮರಳಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ನಮ್ಮ ಒಣದ್ರಾಕ್ಷಿ ತಿನ್ನುತ್ತಿದ್ದಳು. ಆ ಹೆಂಗಸನ್ನೇ ದಾರಿ ಕೇಳಿ, ಅವಳ ಜೊತೆಗೇ ಇಳಿದು, ಎರಡು ತಾಸು ಮೊದಲೇ ಬಂದು ಕೂತಿದ್ದಳಂತೆ.

"ಯಾವಾಗ ಬಂದ್ರಿ?" ಎಂದು ಅವಳು ಕೇಳಲಿಲ್ಲ. "ಉಪ್ಪ ಐತೇನ್ರಿ?" ಎಂದಳು.

"ಐತಿ" ಎಂದೆ.

"ಈಜಿದವ್ರು ಯಾರರ ರುಚಿ ನೋಡತಾರೇನ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ. ಅವಳು ಸರಿದು ಮರಳಿನಲ್ಲಿ ಜಾಗ ಮಾಡಿದಳು. "ಮದುವ್ಯಾಗ ತಂಗ್ಯಾರ ಮುಂದ ಹೇಳೂವಾಗ ನಿಮ್ಮ ಮಾರಿ ನೋಡೇನ್ರಿ. ಅವತ್ತ ಗೊತ್ತಾತು. ನೀವೂ ನೋಡ್ಲಿ ಅಂತನ ಹಟ ಹಿಡದ್ನಿ" ಎಂದಳು. ಅಷ್ಟರಲ್ಲಿ ನನ್ನನ್ನು ಕರೆತಂದ ಅಜ್ಜ ಮಹಾದೇವಿಯ ಹತ್ತಿರ ಬಂದು, ಬೆಳಗಿನ ವೃತ್ತಾಂತವನ್ನೆಲ್ಲ ಒಂದೂ ಬಿಡದೆ ಒಪ್ಪಿಸಿ ಹೋದರು.

ಶಾಲೆ ಸುರುವಾದ ಮೇಲೆ ಒಂಬತ್ತನೆಯ ತರಗತಿಯಲ್ಲಿ, ಸಮುದ್ರಕ್ಕೆ ಭಾರಿ ಸದ್ದು ಇರುತ್ತದೆ ಎಂದು ಉತ್ಸಾಹದಿಂದ ಹೇಳಿದೆ. ಮೂರನೆಯ ಬೆಂಚಿನ ಹುಡುಗಿ, "ಸರ, ಹ್ವಾದ ವರ್ಷ ಸದ್ದಿನ ಮಾತು ಹೇಳಿರಲಿಲ್ರಿ?" ಎಂದಳು. ಮರೆತಿದ್ದೆ ಎಂದೆ. ಮನೆಯಲ್ಲಂತೂ ಬಾಯಿ ಬಿಡುವ ಹಾಗಿಲ್ಲ. ರೈಲಿನ ಸಮಯವಿರಲಿ, ದೇಶದ ರಾಜಕಾರಣವಿರಲಿ, ನಾನು ಗಟ್ಟಿಯಾಗಿ ಏನಾದರೂ ಹೇಳಹೊರಟರೆ ಮಹಾದೇವಿ ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಾಳೆ. ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆಲ್ಲ ಮೂಲವಾದ ಆ ಸಂಸ್ಥೆಯ ಮಾನ ಕಳೆಯಲೆಂದೇ ಇದನ್ನು ಬರೆಯಲು ಕುಳಿತೆ. ಈಗಷ್ಟೇ ಅವಳು ಚಹಾ ತಂದಿಟ್ಟು, ಕನ್ನಡಕ ಏರಿಸಿ, ನನ್ನ ಹೆಗಲ ಮೇಲಿಂದ ಇಷ್ಟನ್ನೂ ಓದಿದಳು. 'ಎರಡು ಸಲ ಆ ಅಂಗಳ ಮೆಟ್ಟಿದ ಮೇಲೆ' ಎಂಬಲ್ಲಿಗೆ ಬಂದಾಗ ನಿಂತಳು. ಬೆರಳು ನಾಲಿಗೆಗೆ ಹೋಯಿತು.

ಸರಿ, ಮೂರು ಸಲ. ಮೂರನೆಯ ಸಲ ಹೋದಾಗ ನಾನು ಅಂಗಳಕ್ಕೆ ಕಾಲಿಡುವ ಮೊದಲೇ ಮಜ್ಜಿಗೆಯ ಲೋಟ ಜಗಲಿಯ ಮೇಲಿತ್ತು. ಅಜ್ಜ ಚಪ್ಪಲಿ ಮೆಟ್ಟಿಕೊಂಡು, ಕೊಡೆ ಹಿಡಿದು ನನ್ನ ದಾರಿಯನ್ನೇ ನೋಡುತ್ತ ನಿಂತಿದ್ದರು.