ಮೊದಲು ಕೂತವಳು

ಬೆಳಿಗ್ಗೆ ಏಳೂವರೆಗೆ ಹುರಿದ ಅವರೆಕಾಳೊಂದು ಶಾಂತಲಾಳ ಎಡದವಡೆಗೆ ಸಿಕ್ಕಿ ಟಕ್ಕೆಂದಿತು. ಒಡೆದದ್ದು ಅವರೆಕಾಳಲ್ಲ.

ಬೇರೆ ದಿನವಾಗಿದ್ದರೆ ಒಂದು ಲವಂಗ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಎರಡು ತಿಂಗಳಿಂದ ಹಾಗೇ ಇದ್ದಳು ಕೂಡ. ಆದರೆ ಅವತ್ತು ಹಾರನಹಳ್ಳಿಯ ಶಾಲೆಯಲ್ಲಿ ಉಚಿತ ದಂತ ಶಿಬಿರ. ಊರಿನ ಆಶಾ ಕಾರ್ಯಕರ್ತೆ ಅವಳೇ ಆದ್ದರಿಂದ ಜನರನ್ನು ಕರೆತರುವ ಕೆಲಸವೂ ಅವಳದೇ. ಹದಿಮೂರು ವರ್ಷದಿಂದ ಮನೆಮನೆಗೂ ಹೋಗಿ, "ಸೂಜಿ ಅಂದ್ರೆ ಇರುವೆ ಕಚ್ದಂಗೆ ಕಣ್ರೀ, ಅಷ್ಟೇ" ಎಂದು ಧೈರ್ಯ ಹಂಚಿದವಳು ದಂತವೈದ್ಯರ ಬೋರ್ಡು ಕಂಡರೆ ಮಾತ್ರ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ಪಿರಿಯಾಪಟ್ಟಣದಲ್ಲಿ ಆಚೆ ಬದಿಗೂ ಒಂದು ಬೋರ್ಡು ಬಂದ ಮೇಲೆ ಆ ರಸ್ತೆಗೇ ಹೋಗುವುದನ್ನು ಬಿಟ್ಟಳು. ಈ ಗುಟ್ಟು ಗಂಡ ರಘುವಿಗೂ ಗೊತ್ತಿರಲಿಲ್ಲ.

ಹೆಸರು ಬರೆದುಕೊಳ್ಳುತ್ತ, ಚೀಟಿ ಕೊಡುತ್ತ ಬಾಗಿಲಾಚೆಯೇ ದಿನ ಕಳೆದುಬಿಟ್ಟರಾಯಿತು ಎಂದುಕೊಂಡು, ಸೆರಗು ಕೆನ್ನೆಗೆ ಒತ್ತಿಕೊಂಡು ಶಾಲೆಗೆ ಹೋದಳು.

ಹತ್ತು ಗಂಟೆಗೆ ಮೈಸೂರಿನಿಂದ ವ್ಯಾನು ಬಂತು. ಅನುಶ್ರೀ ಎಂಬ ನಗುಮುಖದ ಡಾಕ್ಟರು ಐದನೇ ತರಗತಿಯಲ್ಲಿ ಕುರ್ಚಿ ಹಾಕಿಸಿ, ಬಿಳಿ ಬಟ್ಟೆಯ ಮೇಲೆ ಸಲಕರಣೆ ಜೋಡಿಸಿದರು. ಅಂಗಳದಲ್ಲಿ ಐವತ್ತು ಜನ ಸೇರಿದ್ದರು. ವೆಲ್ಡಿಂಗ್ ಅಂಗಡಿಯ ಅಸದುಲ್ಲಾ ಕಿಟಕಿಯಲ್ಲಿ ಇಣುಕಿ ನೋಡಿ ಮೆಲ್ಲಗೆ ಹಿಂದೆ ಸರಿದ.

"ಇಕ್ಕಳ ನೋಡ್ದೆ ಕಣಕ್ಕ. ನಮ್ ಅಂಗಡೀಲಿ ಮೊಳೆ ಕೀಳಾದು ಅದ್ರಲ್ಲೇ."

ಅಷ್ಟು ಸಾಕಾಯಿತು. ಕೋಳಿ ಗುಂಪಿಗೆ ಕಲ್ಲು ಬಿದ್ದ ಹಾಗೆ ಜನ ಗೇಟಿನವರೆಗೂ ಚೆದುರಿದರು. ತಾಲೂಕಿನಿಂದ ಬಂದಿದ್ದ ಆರೋಗ್ಯ ನಿರೀಕ್ಷಕ ನಂಜುಂಡೇಶ್ ಗಡಿಯಾರ ನೋಡಿಕೊಂಡ. "ಶಾಂತಲಾ, ಹನ್ನೊಂದರೊಳಗೆ ಒಬ್ರೂ ಕೂರದಿದ್ರೆ ವ್ಯಾನ್ ವಾಪಸ್ ಹೋಗುತ್ತೆ. ಆಮೇಲೆ ಈ ಊರಿಗೆ ಯಾವ ಡಾಕ್ಟರೂ ಬರಲ್ಲ."

ಶಾಂತಲಾ ಗೇಟಿಗೆ ಓಡಿದಳು. ಎಲ್ಲರ ಮುಂದೆ ನಿಂತಿದ್ದವಳು ಪುಟ್ಟಮಲ್ಲಮ್ಮ. ಊರಿನಲ್ಲಿ ಅವಳಿಗೆ ತಿಳಿಯದ ಸುದ್ದಿ ಇನ್ನೂ ಹುಟ್ಟಿರಲಿಲ್ಲ.

"ಬನ್ನಿ ಅಜ್ಜಿ, ಏನೂ ನೋಯಕಿಲ್ಲ."

"ನಂಗಿರಾದೇ ಮೂರು ಹಲ್ಲು. ಹೆಂಗೋ ಒಂದಕ್ಕೊಂದು ಆಸರೆಯಾಗಿ ಬದುಕ್ತಾವೆ, ಬುಟ್ಬುಡವ್ವ. ಅದಿರ್ಲಿ, ನೀ ಯಾಕೆ ಒಂದೇ ಪಕ್ಕದಲ್ಲಿ ಮಾತಾಡ್ತಿದ್ದೀಯೆ? ಕೆನ್ನೆ ಊದ್ಕಂಡದೆ."

"ಸೊಳ್ಳೆ ಕಚ್ತು ಕಣಜ್ಜಿ."

"ಒಳಗಡೆಯಿಂದ್ಲಾ?"

ಜನ ನಕ್ಕರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು. "ಮೊದ್ಲು ನೀ ಕುಂತ್ಕೊ. ನೀ ನಡ್ಕೊಂಡು ಆಚೆ ಬಂದ್ರೆ ನಾವೂ ಕುಂತ್ಕತೀವಿ."

ಶಾಂತಲಾ ತಟ್ಟನೆ ಫೋನು ಕಿವಿಗಿಟ್ಟುಕೊಂಡಳು. "ಹಲೋ, ಹೌದಾ? ಬಂದೆ ಬಂದೆ. ಹೆರಿಗೆ ನೋವಂತೆ ಕಣಜ್ಜಿ, ನಾ ಹೋಗ್ಲೇಬೇಕು."

"ಯಾರ್ಗವ್ವ? ಊರಲ್ಲಿ ಬಸುರೀರು ಇಬ್ರೇ. ಇಬ್ರೂ ಇಲ್ಲೇ ನಿಂತವ್ರೆ."

ಇಬ್ಬರು ಬಸುರಿಯರೂ ತಲೆಯಾಡಿಸಿದರು.

ಈಗ ಓಡಿಹೋದರೆ ನಾಳೆಯಿಂದ ಒಂದು ಪೋಲಿಯೊ ಹನಿಗೂ ಯಾರೂ ಬಾಯಿ ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ಓದದ ಹುಡುಗಿಯ ಹಾಗೆ ಹೆಜ್ಜೆ ಎಣಿಸುತ್ತ ಐದನೇ ತರಗತಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಕಿಟಕಿಯ ತುಂಬ ಮುಖಗಳು.

"ಮೇಡಂ, ಸುಮ್ನೆ ನೋಡ್ದಂಗೆ ಮಾಡಿ ಕಳ್ಸಿಬಿಡಿ," ಎಂದು ಪಿಸುಗುಟ್ಟಿದಳು. "ಜನಕ್ಕೆ ಧೈರ್ಯ ಬರ್ಲಿ ಅಂತ ಅಷ್ಟೇ."

"ಆಗ್ಲಿ, ಬಾಯಿ ತೆಗೀರಿ." ಅನುಶ್ರೀ ಬೆಳಕು ಬಿಟ್ಟು ನೋಡಿದರು. ನಗು ಕಡಿಮೆಯಾಯಿತು. "ಹಲ್ಲು ಎರಡು ಹೋಳಾಗಿದೆ. ಕೀವೂ ಇದೆ. ಇದನ್ನ ನೋಡಿ ಹಂಗೇ ಹೇಗೆ ಕಳ್ಸಲಿ? ತೆಗೀಲಾ?"

ಶಾಂತಲಾಳ ಕಣ್ಣಿನಲ್ಲಿ ನೀರು ತುಂಬಿತು. ಕಿಟಕಿಯತ್ತ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಹೂಂ ಎಂದು ತಲೆಯಾಡಿಸಿದಳು.

ಸೂಜಿ ಇರುವೆ ಕಚ್ಚಿದಂತೆ ಇರಲಿಲ್ಲ. ಕಣಜ ಕಚ್ಚಿದಂತಿತ್ತು. ಕಿರುಚಬೇಕೆಂದು ಅವಳು ಮನಸಾರೆ ಪ್ರಯತ್ನಿಸಿದಳು, ಹೆದರಿಕೆಗೆ ದನಿಯೇ ಹೊರಡಲಿಲ್ಲ. ಹೊರಗಿದ್ದವರು ಅದನ್ನೇ ಎದೆಗಾರಿಕೆ ಎಂದು ತಿಳಿದರು. ಕಾಲು ಗಂಟೆಯ ನಂತರ ಬಾಯಲ್ಲಿ ಹತ್ತಿ ಕಚ್ಚಿಕೊಂಡು ತನ್ನ ಕಾಲ ಮೇಲೇ ಹೊರಗೆ ಬಂದಳು.

"ಉಸ್ ಅನ್ನಲಿಲ್ವಲ್ಲ," ಎಂದು ಪುಟ್ಟಮಲ್ಲಮ್ಮ ಸೀರೆ ಎತ್ತಿ ಕಟ್ಟಿ ಒಳಗೆ ನಡೆದಳು. ಹಿಂದೆಯೇ ಸಾಲು ಬೆಳೆಯಿತು. ಅಸದುಲ್ಲಾನೂ ಕೂತ. ಎದ್ದು ಬಂದವನು, "ಇಕ್ಕಳ ಒಳ್ಳೇದೈತೆ ಮೇಡಂ, ಎಲ್ಲಿ ಸಿಗ್ತದೆ?" ಎಂದು ವಿಚಾರಿಸಿದ.

ಸಂಜೆ ನಾಲ್ಕರ ಹೊತ್ತಿಗೆ ಅರವತ್ತೆರಡು ಜನರ ಹಲ್ಲು ನೋಡಿಯಾಗಿತ್ತು. ಶಾಂತಲಾ ಜಗುಲಿಯಲ್ಲಿ ಕೂತು, ಇನ್ನು ಈ ಜನ್ಮದಲ್ಲಿ ಆ ಕುರ್ಚಿಯ ಹಂಗಿಲ್ಲ ಎಂದು ಹಗುರಾಗಿ ಉಸಿರು ಬಿಟ್ಟಳು. ಪಿರಿಯಾಪಟ್ಟಣದ ಆ ರಸ್ತೆಯಲ್ಲೂ ಧೈರ್ಯವಾಗಿ ನಡೆಯಬಹುದು.

ನಂಜುಂಡೇಶ್ ಹಿಗ್ಗುತ್ತ ಬಂದ. "ಸಾಹೇಬ್ರಿಗೆ ಫೋನ್ ಮಾಡಿದ್ದೆ. ಬಹಳ ಖುಷಿಪಟ್ರು. ಸೋಮವಾರ ಕಂಪಲಾಪುರದಲ್ಲಿ ಶಿಬಿರ, ಆಮೇಲೆ ಇನ್ನೂ ಮೂರು ಊರು. ಎಲ್ಲಾ ಕಡೆ ಮೊದ್ಲು ನೀವೇ ಕೂತು ತೋರಿಸ್ಬೇಕಂತೆ. ಆರ್ಡರ್ ಆಗಿದೆ."

ಶಾಂತಲಾ ಗಾಬರಿಯಾಗಲಿಲ್ಲ. ಹತ್ತಿಯ ಸಂದಿಯಿಂದಲೇ ನಕ್ಕು, "ನೋವಿದ್ದ ಹಲ್ಲು ಹೋಯ್ತಲ್ಲ ಸಾರ್," ಎಂದಳು. "ಇನ್ನು ಕೂತು ಏನ್ ಕೀಳಿಸ್ಕೊಳ್ಳಲಿ?"

ಕೈ ಒರೆಸಿಕೊಳ್ಳುತ್ತ ಬಂದ ಅನುಶ್ರೀ ಅವಳ ಚೀಟಿ ತೆಗೆದು ನೋಡಿ, ಬೆಳಗಿನ ಅದೇ ನಗುಮುಖದಲ್ಲಿ ಹೇಳಿದರು:

"ಅದಕ್ಕೆ ಯೋಚ್ನೆ ಮಾಡ್ಬೇಡಿ. ಒಳಗೆ ಇನ್ನೂ ನಾಲ್ಕು ಹುಳುಕಾಗಿವೆ. ಊರಿಗೊಂದು ಸರಿಹೋಗುತ್ತೆ."